ಕೊನೆಯ ಕಂಬದಿಂದ ಮನೆಯವರೆಗೆ

ಚಾಮರಾಜನಗರ ಜಿಲ್ಲೆಯವರಿಗೆ ಕುದೇರು ಎಂದೊಡನೆ ನೆನಪಾಗುವುದು ಹಾಲು. ಸಂತೇಮರಹಳ್ಳಿ ಸೀಮೆಯ ಈ ಊರಿನಲ್ಲೇ ಜಿಲ್ಲಾ ಹಾಲು ಒಕ್ಕೂಟ ಚಾಮುಲ್‌ನ ಡೇರಿ ಇರುವುದು. ಬೆಳಿಗ್ಗೆ ಸಂಜೆ ಹಳ್ಳಿಹಳ್ಳಿಯ ಸಂಘಗಳಲ್ಲಿ ಅಳೆದ ಹಾಲು ಬಂದು ಸೇರುವುದು ಇಲ್ಲಿಗೆ. ಸಂಘಗಳಲ್ಲೂ ಈಗ ಯಂತ್ರದ ಲೆಕ್ಕ. ಕ್ಯಾನು ಇಟ್ಟರೆ ತೂಕ, ಜಿಡ್ಡು, ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ತೆರೆಯ ಮೇಲೆ ಮೂಡುತ್ತವೆ. ಬಟವಾಡೆ ಬ್ಯಾಂಕ್ ಖಾತೆಗೆ ಬೀಳುತ್ತದೆ, ಸರ್ಕಾರದ ಪ್ರೋತ್ಸಾಹಧನವೂ ಹಾಗೆಯೇ. ಎರಡು ಹಸು ಕಟ್ಟಿಕೊಂಡವರಿಗೆ ಇಂಟರ್ನೆಟ್ ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ. ಪಹಣಿ, ಇ-ಸ್ವತ್ತು, ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಬಾಳೆ ಮತ್ತು ಅರಿಶಿನದ ದರ, ಎಲ್ಲವೂ ಆ ದಾರಿಯಲ್ಲೇ ಬರಬೇಕು.

ಆದರೂ ಈ ಕಡೆಯ ಹಳ್ಳಿಯ ಜಗುಲಿಯಲ್ಲಿ ಕೂತು ಕೇಳಿದರೆ ಬರುವ ಉತ್ತರ ಒಂದೇ: “ನೆಟ್ಟು ಅದ ಕನಣ್ಣ, ಸಂಜ ಆದ್ರ ಇಲ್ಲ.” ಬೆಳಿಗ್ಗೆ ಹತ್ತಕ್ಕೆ ಓಡುವ ವಿಡಿಯೊ ರಾತ್ರಿ ಎಂಟಕ್ಕೆ ಸುತ್ತುತ್ತಲೇ ಇರುತ್ತದೆ. ಫೋನಿನಲ್ಲಿ ಕಡ್ಡಿಗಳೇನೋ ತುಂಬಿರುತ್ತವೆ. ಮಗ ಬೆಂಗಳೂರಿನಿಂದ ವಿಡಿಯೊ ಕಾಲ್ ಮಾಡಿದರೆ ಅವನ ಮುಖ ಅರ್ಧಕ್ಕೆ ನಿಂತು, ಮಾತು ಮಾತ್ರ ತುಂಡುತುಂಡಾಗಿ ಕೇಳುತ್ತದೆ.

ಇದು ಟವರ್ ಇಲ್ಲದ ಊರಿನ ಕಷ್ಟವಲ್ಲ. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಹಳ್ಳಿಗಳದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳದು ಬೇರೆಯೇ ಕಷ್ಟ. ಅಲ್ಲಿ ಗುಡ್ಡ ಅಡ್ಡ, ಅರಣ್ಯ ಕಾಯ್ದೆಯೂ ಉಂಟು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ನಾಡಿನ ತುಂಬ ಓಡಾಡಿತ್ತು. ಅದೂ ಮಲೆಯ ಸೀಮೆಯದೇ. ಕುದೇರಿನದು ಬಯಲು. ಕಬ್ಬು, ಬಾಳೆ, ತೆಂಗು ಬೆಳೆಯುವ ನೆಲ, ಹೆದ್ದಾರಿಗೆ ದೂರವಿಲ್ಲ, ಜಿಲ್ಲಾ ಕೇಂದ್ರಕ್ಕೂ ದೂರವಿಲ್ಲ. ಇಂಥ ಊರಿನ ಮನೆಗಳಿಗೂ ನೆಚ್ಚಿಕೊಳ್ಳಬಹುದಾದ ಇಂಟರ್ನೆಟ್ ಯಾಕೆ ಸಿಗುತ್ತಿಲ್ಲ ಎಂಬುದನ್ನು ವಿವರವಾಗಿಯೇ ನೋಡಬೇಕು. ಬಯಲಲ್ಲಿ ಆಗದ್ದು ಬೆಟ್ಟದಲ್ಲಿ ಆದೀತೆಂದು ನಂಬುವುದು ಹೇಗೆ?

ಮೊದಲು ಮೊಬೈಲಿನ ಮಾತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಹಳ್ಳಿಗಳಲ್ಲಿ ಇಂಟರ್ನೆಟ್ ಎಂದರೆ ಸಿಮ್ ಎಂದೇ ಆಯಿತು. ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ ಪ್ಯಾಕು. ಒಬ್ಬರ ಕೈಯಲ್ಲಿನ ಫೋನಿಗೆ ಅದು ಧಾರಾಳ, ಒಂದು ಮನೆಗೆ ಸಾಲದು. ಟವರಿನ ಒಂದೊಂದು ಮುಖದಿಂದ ಹೊರಡುವ ಒಟ್ಟು ವೇಗ ಇಷ್ಟೇ ಎಂದು ಇರುತ್ತದೆ, ಆ ಕಡೆಯ ಊರುಗಳೆಲ್ಲ ಅದನ್ನೇ ಹಂಚಿಕೊಳ್ಳಬೇಕು. ಹೊಲದಿಂದ ಬಂದು, ಹಾಲು ಹಾಕಿ, ಕೈಕಾಲು ತೊಳೆದು ಎಲ್ಲರೂ ಫೋನ್ ಹಿಡಿಯುವುದು ಒಂದೇ ಹೊತ್ತಿಗೆ. ಐಪಿಎಲ್ ಇದ್ದರಂತೂ ಮುಗಿಯಿತು. ಕಡ್ಡಿ ತೋರಿಸುವುದು ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ, ಅಲ್ಲಿ ಎಷ್ಟು ಜನ ಸರತಿಯಲ್ಲಿದ್ದಾರೆ ಎಂಬುದನ್ನಲ್ಲ.

ತರಂಗಗಳ ಗುಣವೂ ಸೇರಿಕೊಳ್ಳುತ್ತದೆ. 850 ಮೆಗಾಹರ್ಟ್ಸ್‌ನ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ, ಆದರೆ ಹೊರುವ ಭಾರ ಕಡಿಮೆ. 2300 ಮೆಗಾಹರ್ಟ್ಸ್‌ನದು, 5ಜಿಗೆ ಬಳಸುವ 3500ರ ಸುತ್ತಿನದು ಹೆಚ್ಚು ಹೊರುತ್ತವೆ, ಬೇಗ ಸೋಲುತ್ತವೆ. ಎಲೆಯಲ್ಲಿನ ನೀರು ಅವನ್ನು ಹೀರುತ್ತದೆ. ಒಂದಾಳು ಮಿಕ್ಕಿ ಬೆಳೆದ ಕಬ್ಬು, ಮಳೆಗೆ ತೊಯ್ದ ತೆಂಗಿನ ತೋಟ ನಡುವೆ ಇದ್ದರೆ ಬೇಸಿಗೆಯಲ್ಲಿ ಚೆನ್ನಾಗಿದ್ದ ಸಂಪರ್ಕ ಶ್ರಾವಣದಲ್ಲಿ ಕುಗ್ಗುತ್ತದೆ. ಮನೆಯ ತಾರಸಿಯಲ್ಲಿ ಕಂಬ ನೆಟ್ಟು, ಟವರಿನ ದಿಕ್ಕಿಗೆ ಆಂಟೆನಾ ತಿರುಗಿಸಿ, ಅದರ ತಂತಿಯನ್ನು ಸಿಮ್ ಹಾಕುವ ರೂಟರಿಗೆ ಇಳಿಸಿದರೆ ಫಲ ಉಂಟು. ಮರದ ತಲೆಯಿಂದ ಮೇಲಕ್ಕೆ ಹೋದಷ್ಟೂ ಒಳ್ಳೆಯದು. 2023ರಲ್ಲಿ ಏರ್‌ಟೆಲ್ ಮತ್ತು ಜಿಯೋ ಶುರು ಮಾಡಿದ ಏರ್‌ಫೈಬರ್ ಎಂಬ ಸೇವೆಯೂ ಮೂಲದಲ್ಲಿ ಇದೇ: ಹೊರಗೆ ಒಂದು ಪೆಟ್ಟಿಗೆ, ಒಳಗೆ ವೈಫೈ, ನಡುವೆ ಗಾಳಿ. ಫೈಬರ್ ಎಂಬ ಹೆಸರಿದೆ, ಮನೆಗೆ ಫೈಬರ್ ಬರುವುದಿಲ್ಲ. ಟವರು ಹತ್ತಿರವಿದ್ದು, ಕಣ್ಣಿಗೆ ಅಡ್ಡಿಯಿಲ್ಲದೆ ಕಂಡರೆ ತೆಗೆದುಕೊಳ್ಳಲು ಯೋಗ್ಯ. ಆದರೆ ಊರಿನ ಐವತ್ತು ಮನೆ ತೆಗೆದುಕೊಂಡ ದಿನ ಸಂಜೆಯ ಸರತಿ ಮತ್ತೆ ಬೆಳೆಯುತ್ತದೆ.

ಮನೆಯ ಇಂಟರ್ನೆಟ್ಟಿನ ಹಸಿವು ಎಷ್ಟು ಎಂಬುದಕ್ಕೆ ಒಂದು ಲೆಕ್ಕ ಸಿಕ್ಕಿದೆ. ಸರ್ಕಾರದ ಭಾರತ್‌ನೆಟ್ ಯೋಜನೆಯಲ್ಲಿ ಹಳ್ಳಿಯ ಮನೆಗಳಿಗೆ ಫೈಬರ್ ಎಳೆದು ಪ್ರಯೋಗ ನಡೆಸಿದಾಗ ಒಂದು ಮನೆ ತಿಂಗಳಿಗೆ ಸರಾಸರಿ 175 ಜಿಬಿ ಬಳಸಿತ್ತು. ಒಂದು ಸಿಮ್ಮಿನ ಪ್ಯಾಕು ತಿಂಗಳಿಗೆ ಕೊಡುವುದು 45ರಿಂದ 60 ಜಿಬಿ. ತಂತಿ ಬಂದ ಕೂಡಲೆ ಮೂರು ನಾಲ್ಕು ಪಟ್ಟು ಬಳಸಿದರೆಂದರೆ ಅಲ್ಲಿಯವರೆಗೆ ಅಷ್ಟನ್ನೂ ಕಟ್ಟಿಟ್ಟು ಬದುಕುತ್ತಿದ್ದರು ಎಂದರ್ಥ. ಮಗಳ ಪಾಠ ಮುಗಿಯಲಿ ಎಂದು ಅಮ್ಮ ತನ್ನ ಫೋನಿನ ಡೇಟಾ ಮುಟ್ಟದೆ ಇಟ್ಟುಕೊಳ್ಳುವ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದವು ಶೇ 14.9, ಕಂಪ್ಯೂಟರ್ ಇದ್ದವು ಶೇ 4.4. ಅದಾದ ಎರಡೇ ವರ್ಷಕ್ಕೆ ಶಾಲೆಗಳು ಮುಚ್ಚಿದವು, ಪಾಠವೆಲ್ಲ ಫೋನಿಗೆ ಬಂತು. ರಾಜ್ಯ ಸರ್ಕಾರ 2020ರ ಆಗಸ್ಟಿನಲ್ಲಿ ವಿದ್ಯಾಗಮ ತಂದು ಮೇಷ್ಟರುಗಳನ್ನೇ ಅರಳಿಕಟ್ಟೆಗೆ, ದೇವಸ್ಥಾನದ ಪಡಸಾಲೆಗೆ ಕಳಿಸಬೇಕಾಯಿತು. ಆ ವರ್ಷ ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳಲ್ಲಿ ಹಲವರು ಈಗ ಪಿಯು, ಡಿಗ್ರಿಯ ವಯಸ್ಸಿನವರು.

ಹಾಗಾದರೆ ಫೈಬರ್ ಎಲ್ಲಿದೆ?

ಇದೆ, ದೇಶದ ಬಹುಪಾಲು ಪಂಚಾಯಿತಿ ಕಚೇರಿಗಳ ಗೋಡೆಯವರೆಗೆ ಬಂದಿದೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೇ ಮುಂದೆ ಭಾರತ್‌ನೆಟ್ ಎಂದಾಯಿತು. ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ ಮುಗಿದದ್ದು 2017ರ ಡಿಸೆಂಬರಿಗೆ. ಈಗ 2 ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳು ಸೇವೆಗೆ ಸಜ್ಜು ಎಂದು ಸರ್ಕಾರ ಹೇಳುತ್ತದೆ. ಸಜ್ಜು ಎಂದರೆ ತಂತಿ ಮುಟ್ಟಿದೆ, ಪೆಟ್ಟಿಗೆ ಕೂತಿದೆ ಎಂದು. ಪೆಟ್ಟಿಗೆಯ ದೀಪ ಇವತ್ತು ಹಸಿರಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಕೆಲಸಕ್ಕೆ ರಜೆ ಹಾಕಿ ಪಂಚಾಯಿತಿಗೆ ಹೋದವರಿಗೆ ಅದರ ಉತ್ತರ ಬಾಗಿಲಲ್ಲೇ ಸಿಗುತ್ತದೆ: “ಸರ್ವರ್ ಇಲ್ಲ, ನಾಳೆ ಬನ್ನಿ.”

ಮೊದಲ ಹಂತದ ಜಾಲವನ್ನು ಹೆಣೆದ ರೀತಿಯಲ್ಲೇ ಒಂದು ದೋಷವಿತ್ತು. ತಾಲ್ಲೂಕು ಕೇಂದ್ರದ ಎಕ್ಸ್‌ಚೇಂಜಿನಿಂದ ಹೊರಟ ಎಳೆ ಒಂದಾದ ಮೇಲೊಂದು ಪಂಚಾಯಿತಿಗೆ ಕವಲೊಡೆದು ಹೋಗುತ್ತಿತ್ತು. ನಡುವೆ ಎಲ್ಲಾದರೂ ತುಂಡಾದರೆ ಅದರಾಚೆಯ ಊರುಗಳೆಲ್ಲ ಕತ್ತಲು. ತುಂಡಾಗಲು ಕಾರಣಗಳಿಗೆ ಬರವಿಲ್ಲ. ಹೆದ್ದಾರಿ ಅಗಲವಾಗುತ್ತದೆ, ಜಲಜೀವನ್ ಮಿಷನ್ನಿನ ಪೈಪಿಗೆ ಜೆಸಿಬಿ ಊರೊಳಗಿನ ಬೀದಿಗಳನ್ನೆಲ್ಲ ಅಗೆಯುತ್ತದೆ, ಇಲಿ ಕಡಿಯುತ್ತದೆ. ಕಂಬದ ಮೇಲೆ ಹೋದ ಎಳೆಗೆ ಬೇರೆ ಕಂಟಕ: ಕಬ್ಬು ತುಂಬಿದ ಟ್ರ್ಯಾಕ್ಟರಿನ ತಲೆ, ಗಾಳಿಗೆ ಬೀಳುವ ತೆಂಗಿನ ಗರಿ. ನೆಲ ಅಗೆಯುವವರಿಂದ ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಕಡೆ ಫೈಬರ್ ತುಂಡಾಗುತ್ತದೆ ಎಂದು ಸರ್ಕಾರವೇ ಹೇಳಿದೆ. ಅಗೆಯುವ ಮೊದಲು ತಿಳಿಸಿ ಎಂದು 2023ರ ಮಾರ್ಚಿನಲ್ಲಿ ಒಂದು ಆ್ಯಪ್ ಕೂಡ ಬಂತು. ಜೆಸಿಬಿಯನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರುವ ನಮ್ಮ ಗುತ್ತಿಗೆದಾರರು ಅದನ್ನು ತೆರೆದು ನೋಡುವಂತೆ ಮಾಡುವುದು ಪಂಚಾಯಿತಿಯ ಕೆಲಸ. ಕಾಮಗಾರಿಗೆ ಆದೇಶ ಕೊಡುವಾಗಲೇ ಅದನ್ನು ಷರತ್ತಾಗಿ ಬರೆಯಬೇಕು.

ತುಂಡಾದ ಎಳೆಯನ್ನು ಬೆಸೆಯುವುದನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ರಸ್ತೆ ಬದಿಯಲ್ಲಿ ಕೊಡೆ ಕಟ್ಟಿಕೊಂಡು, ಮಡಚುವ ಸ್ಟೂಲಿನ ಮೇಲೆ ಟಿಫಿನ್ ಕ್ಯಾರಿಯರಿಗಿಂತ ತುಸು ದೊಡ್ಡ ಯಂತ್ರ ಇಟ್ಟುಕೊಂಡು ಒಬ್ಬ ಹುಡುಗ ಕೂತಿರುತ್ತಾನೆ. ಕರಿಯ ಹೊದಿಕೆ ಸುಲಿಯುತ್ತಾನೆ, ಒಳಗಿನ ಬಣ್ಣದ ಪದರ ಕೆರೆಯುತ್ತಾನೆ. ಉಳಿಯುವುದು 125 ಮೈಕ್ರಾನ್ ದಪ್ಪದ ಗಾಜಿನ ಎಳೆ, ಅದರೊಳಗೆ ಬೆಳಕು ಹರಿಯುವ ತಿರುಳು ಬರೀ 9 ಮೈಕ್ರಾನ್. ಸ್ಪಿರಿಟ್ ಮುಟ್ಟಿಸಿದ ಬಟ್ಟೆಯಿಂದ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಎರಡೂ ತುದಿಗಳನ್ನು ಯಂತ್ರದಲ್ಲಿಟ್ಟು ಮುಚ್ಚಳ ಹಾಕಿದರೆ ಪುಟ್ಟ ಪರದೆಯ ಮೇಲೆ ಅವು ಒನಕೆಗಳಷ್ಟು ದಪ್ಪಗೆ ಕಾಣುತ್ತವೆ. ಒಂದು ಕಿಡಿ. ಎರಡೂ ಒಂದಾಗುತ್ತವೆ. ನಷ್ಟ 0.02 ಡೆಸಿಬಲ್ ಎಂದು ಬರುತ್ತದೆ, ಹುಡುಗನ ಮುಖ ಅರಳುತ್ತದೆ. ಧೂಳಿನ ಒಂದು ಕಣ ಸಿಕ್ಕಿದ್ದರೆ ಮತ್ತೆ ಮೊದಲಿಂದ. ಇಷ್ಟು ನಯವಾದ ಕೆಲಸವನ್ನು ಬಿಸಿಲಿನಲ್ಲಿ, ಲಾರಿಗಳು ಎಬ್ಬಿಸುವ ಧೂಳಿನಲ್ಲಿ ಮಾಡುವವರು ನಮ್ಮ ಹಳ್ಳಿಗಳಲ್ಲಿ ಮೊದಲು ಕೇಬಲ್ ಟಿವಿಯ ತಂತಿ ಎಳೆಯುತ್ತಿದ್ದವರೇ, ಇಲ್ಲ ಅವರ ಕೈಕೆಳಗೆ ಕಲಿತವರು. ಒಬ್ಬನಿಗೆ ಹತ್ತಾರು ಊರು, ಒಂದು ಬೈಕು, ಬಾಡಿಗೆಗೆ ತಂದ ಯಂತ್ರ. ಮನೆಯಲ್ಲಿ ಮೋಡೆಮ್ಮಿನ ಕೆಂಪು ದೀಪ ಮಿನುಗಿತೆಂದರೆ, ಅಂದರೆ ಬೆಳಕೇ ಬರುತ್ತಿಲ್ಲವೆಂದರೆ, ಆ ಮನೆಯವರು ಕಾಯುವುದು ಈ ಹುಡುಗನ ಬೈಕಿಗಾಗಿ.

ಆದ್ದರಿಂದ ಹಳ್ಳಿಯ ಇಂಟರ್ನೆಟ್ಟನ್ನು ಎಂಬಿಪಿಎಸ್‌ನಲ್ಲಿ ಅಳೆಯುವುದಕ್ಕಿಂತ ಕೆಟ್ಟ ಮೇಲೆ ಎಷ್ಟು ದಿನಕ್ಕೆ ಸರಿಯಾಗುತ್ತದೆ ಎಂಬುದರಲ್ಲಿ ಅಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ಕಾರದ ವ್ಯಾಖ್ಯೆಯಲ್ಲಿ ಬ್ರಾಡ್‌ಬ್ಯಾಂಡ್ ಎಂದರೆ 2004ರಲ್ಲಿ 256 ಕೆಬಿಪಿಎಸ್, 2013ರಲ್ಲಿ 512, 2023ರ ಜನವರಿಯಿಂದ 2 ಎಂಬಿಪಿಎಸ್. ಸಂಖ್ಯೆ ಏರಿದ್ದು ಸರಿ. ಆದರೆ ನೂರು ಎಂಬಿಪಿಎಸ್‌ನ ಸಂಪರ್ಕ ತಿಂಗಳಲ್ಲಿ ಎಂಟು ದಿನ ಸತ್ತಿದ್ದರೆ ಅದನ್ನು ನಂಬಿ ಹುಡುಗಿಯೊಬ್ಬಳು ಮನೆಯಿಂದ ಕೆಲಸ ಮಾಡುವ ನೌಕರಿ ಒಪ್ಪಿಕೊಳ್ಳಲಾರಳು. ಮೂವತ್ತು ಎಂಬಿಪಿಎಸ್ ಆದರೂ ತಪ್ಪದೆ ಇದ್ದರೆ ಒಪ್ಪಿಕೊಳ್ಳುತ್ತಾಳೆ. ಕೆರೆ ಎಷ್ಟೇ ತುಂಬಿರಲಿ, ತೂಬು ನೋಡಿ ಹೊಲಹೊಲಕ್ಕೆ ನೀರು ತಿರುಗಿಸುವ ನೀರುಗಂಟಿ ಇಲ್ಲದಿದ್ದರೆ ಕಡೆಯ ಗದ್ದೆ ಒಣಗುತ್ತಿತ್ತು. ಈ ಜಾಲದ ಕಡೆಯ ಗದ್ದೆಗೂ ಅಂಥವರೊಬ್ಬರು ಬೇಕು. ಅವರು ಆ ಊರಿನವರೇ ಆಗಿರಬೇಕು, ಅದರಿಂದ ಅವರ ಸಂಸಾರ ನಡೆಯಬೇಕು.

ಇದು ಹೊಸ ವಿಚಾರವೇನಲ್ಲ, ಕರ್ನಾಟಕ ಕಂಡು ಗೆದ್ದಿರುವುದು. ಸ್ಯಾಮ್ ಪಿತ್ರೋಡಾ ಕಟ್ಟಿದ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ. 128 ಪೋರ್ಟಿನ ಆ ಯಂತ್ರಕ್ಕೆ ಎಸಿ ಬೇಡ, ಹಳ್ಳಿಯ ಬಿಸಿಲು ಧೂಳು ತಡೆಯುವಂತೆ ಮಾಡಿದ್ದು. ಅದರ ಬೆನ್ನಿಗೆ ಬಂದದ್ದು ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು. ಅವು ಊರೂರಿಗೆ ಹಬ್ಬಿದ್ದಕ್ಕೆ ಕಾರಣ ಒಳ್ಳೆಯ ಯಂತ್ರ ಒಂದೇ ಅಲ್ಲ. ಬೂತಿನವರಿಗೆ ಪ್ರತಿ ಕರೆಗೂ ಕಮಿಷನ್ ಇತ್ತು. ಲೈನು ಸತ್ತರೆ ಅವರ ಆ ದಿನದ ಸಂಪಾದನೆ ಸತ್ತಂತೆ, ಹಾಗಾಗಿ ಎಕ್ಸ್‌ಚೇಂಜಿಗೆ ಸೈಕಲ್ ತುಳಿದುಕೊಂಡು ಹೋಗಿ ಲೈನ್‌ಮನ್ನನ್ನು ಕರೆತರುವುದೂ ಅವರದೇ ಜವಾಬ್ದಾರಿಯಾಗಿತ್ತು. ಪಂಚಾಯಿತಿ ಕಚೇರಿಯ ಬೀರುವಿನ ಪಕ್ಕದಲ್ಲಿ ಕೂತ ಫೈಬರ್ ಪೆಟ್ಟಿಗೆಗೆ ಅಂಥ ಯಜಮಾನರು ಯಾರೂ ಇರಲಿಲ್ಲ. ಕರೆಂಟು ಹೋದರೆ ಪೆಟ್ಟಿಗೆ ಆರಿತು, ಮತ್ತೆ ಹಚ್ಚುವುದು ಯಾರ ಕೆಲಸವೂ ಅಲ್ಲ.

ಇದನ್ನು ಸರ್ಕಾರವೂ ತಡವಾಗಿ ಒಪ್ಪಿಕೊಂಡಿದೆ. 2023ರ ಆಗಸ್ಟಿನಲ್ಲಿ ಒಪ್ಪಿಗೆಯಾದ ತಿದ್ದುಪಡಿ ಭಾರತ್‌ನೆಟ್‌ಗೆ 1,39,579 ಕೋಟಿ ರೂಪಾಯಿ. ಇದರಲ್ಲಿ ಪಂಚಾಯಿತಿಗಳನ್ನು ಉಂಗುರದ ಹಾಗೆ ಪೋಣಿಸುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿ ಬರಬೇಕು. ಜಾಲ ಕಟ್ಟಿದವರೇ ಹತ್ತು ವರ್ಷ ನೋಡಿಕೊಳ್ಳಬೇಕೆಂಬ ಕರಾರು ಇದೆ. ಐದು ವರ್ಷದಲ್ಲಿ ಒಂದೂವರೆ ಕೋಟಿ ಹಳ್ಳಿ ಮನೆಗಳಿಗೆ ಫೈಬರ್ ಕೊಡುವ ಗುರಿ. ಎಲ್ಲಕ್ಕಿಂತ ಮುಖ್ಯವಾದದ್ದು ಉದ್ಯಮಿ ಎಂಬ ಏರ್ಪಾಡು: ಊರಿನವರೊಬ್ಬರು ಕೊನೆಯ ಕಂಬದಿಂದ ಮನೆಗೆ ಎಳೆ ಎಳೆದು, ಕೆಟ್ಟರೆ ಸರಿಪಡಿಸಿ, ತಿಂಗಳ ಶುಲ್ಕದಲ್ಲಿ ಅರ್ಧ ಪಾಲು ಪಡೆಯಬಹುದು. ಪ್ರಯೋಗದ ಹಂತದಲ್ಲಿ ಶುಲ್ಕ ಶುರುವಾದದ್ದು ತಿಂಗಳಿಗೆ 399 ರೂಪಾಯಿಯಿಂದ. ನೂರು ಮನೆ ಸೇರಿದರೆ ಉದ್ಯಮಿಗೆ ಇಪ್ಪತ್ತು ಸಾವಿರದ ಹತ್ತಿರ ಬರುತ್ತದೆ. ಬೈಕಿನ ಪೆಟ್ರೋಲು, ಬೆಸೆಯುವ ಯಂತ್ರದ ಖರ್ಚು ಕಳೆದರೆ ಒಬ್ಬರ ಜೀವನಕ್ಕೆ ಬಿಗಿಯಾಗಿಯೇ ಸಾಲುತ್ತದೆ. ಆದರೆ ನೂರು ಮನೆ ಸೇರುವವರೆಗಿನ ವರ್ಷವನ್ನು ಆ ಹುಡುಗ ದಾಟುವುದು ಹೇಗೆ? ಬಂಡವಾಳ ತಂದು ಹಾಕಿ, ಮನೆ ಕೂಡದೆ, ಬಡ್ಡಿ ಕಟ್ಟಲಾಗದೆ ಬಿಟ್ಟು ಹೋದರೆ ಊರು ಮತ್ತೆ ಮೊದಲಿನಂತೆಯೇ.

ಕುದೇರಿನ ಸೀಮೆ ಒಂದು ದಾರಿ ತೋರಿಸಬಲ್ಲದು ಎಂದು ನಾನು ನಂಬಿರುವುದು ಇಲ್ಲಿಯೇ. ಈ ಕಡೆ ಹಾಲಿನ ಸಂಘ ಇಲ್ಲದ ಊರು ಕಡಿಮೆ. ಸಂಘಕ್ಕೆ ಒಂದು ಕಟ್ಟಡವಿದೆ, ಕರೆಂಟಿದೆ, ಕಂಪ್ಯೂಟರಿದೆ. ದಿನಕ್ಕೆ ಎರಡು ಹೊತ್ತು ತಪ್ಪದೆ ಬಾಗಿಲು ತೆಗೆಯುವ ಕಾರ್ಯದರ್ಶಿ ಇದ್ದಾರೆ, ಅವರಿಗೆ ಊರಿನ ಒಂದೊಂದು ಮನೆಯೂ ಗೊತ್ತು. ಹದಿನೈದು ದಿನಕ್ಕೋ ವಾರಕ್ಕೋ ಬಟವಾಡೆ ಮಾಡುವ ಲೆಕ್ಕದ ಶಿಸ್ತು ಇದೆ. ಇಂಟರ್ನೆಟ್ಟಿನ ತಿಂಗಳ ಶುಲ್ಕವನ್ನು ಹಾಲಿನ ಹಣದಲ್ಲಿ ಹಿಡಿದುಕೊಂಡರೆ ವಸೂಲಿಯ ತಲೆನೋವೇ ಇಲ್ಲ, ಪಶು ಆಹಾರದ ಮೂಟೆಗೆ ಈಗ ಹಾಗೆಯೇ ಹಿಡಿದುಕೊಳ್ಳುತ್ತಾರಲ್ಲ. ಫೈಬರ್ ಪೆಟ್ಟಿಗೆ ಬೀಗ ಹಾಕಿದ ಪಂಚಾಯಿತಿ ಕೊಠಡಿಯ ಬದಲು ಸಂಘದ ಗೋಡೆಯ ಮೇಲೆ, ಬ್ಯಾಟರಿಯೊಂದಿಗೆ ಇರಲಿ. ಉದ್ಯಮಿಯ ಕರಾರು ಸಂಘದ ಹೆಸರಿನಲ್ಲಿ ಆಗಲಿ, ಊರಿನ ಐಟಿಐ ಓದಿದ ಒಬ್ಬ ಹುಡುಗನೋ ಹುಡುಗಿಯೋ ಸಂಬಳದ ಮೇಲೆ ಅದನ್ನು ನೋಡಿಕೊಳ್ಳಲಿ. ಮೊದಲ ವರ್ಷದ ನಷ್ಟ ಸಂಘಕ್ಕೆ ತಡೆಯುತ್ತದೆ, ಒಂಟಿ ಹುಡುಗನಿಗೆ ತಡೆಯುವುದಿಲ್ಲ. ಬೈಲಾ ತಿದ್ದಬೇಕಾಗುತ್ತದೆ, ಸಹಕಾರ ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ. ಮಾಡಬಹುದಾದ ಕೆಲಸವೇ.

ರೈತರು ಇಂಥದ್ದನ್ನು ಮಾಡಿ ತೋರಿಸಿದ್ದಾರೆ. ಇಂಗ್ಲೆಂಡಿನ ಲ್ಯಾಂಕಶೈರಿನ ಹಳ್ಳಿಗಳಿಗೆ ದೊಡ್ಡ ಕಂಪನಿಗಳು ಫೈಬರ್ ತರಲು ಒಪ್ಪದಿದ್ದಾಗ ಅಲ್ಲಿಯವರು 2011ರಲ್ಲಿ ಬಿಫೋರ್‌ಆರ್‌ಎನ್ ಎಂಬ ಸಮುದಾಯ ಸಂಸ್ಥೆ ಕಟ್ಟಿದರು. ಊರವರೇ ಷೇರು ಹಾಕಿದರು. ಹೊಲದ ಮಾಲೀಕರು ತಮ್ಮ ಜಮೀನಿನಲ್ಲಿ ಕಾಲುವೆ ತೋಡಲು ಪರಿಹಾರ ಕೇಳಲಿಲ್ಲ, ತಾವೇ ತೋಡಿದರು. ಇವತ್ತು ಅಲ್ಲಿನ ಹಟ್ಟಿಗಳಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ಓಡುತ್ತದೆ. ನಮ್ಮಲ್ಲೇ ತುಮಕೂರಿನ ದೇವರಾಯನದುರ್ಗದ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆ ಊರವರೊಂದಿಗೆ ಸೇರಿ ವೈಫೈ ಜಾಲ ಹೆಣೆದಿದೆ. ಗುಂಡ್ಲುಪೇಟೆಯ ಗಡಿ ದಾಟಿದರೆ ಸಿಗುವ ಕೇರಳ 2023ರ ಜೂನಿನಲ್ಲಿ ಕೆ-ಫೋನ್ ಶುರು ಮಾಡಿತು. ವಿದ್ಯುತ್ ಮಂಡಳಿಯ ಕಂಬಗಳ ಮೇಲೆಯೇ ಫೈಬರ್ ಎಳೆದು, ಬಡ ಕುಟುಂಬಗಳಿಗೆ ಉಚಿತವಾಗಿ ಕೊಡುವುದು ಅದರ ಉದ್ದೇಶ. ನಮ್ಮ ವಿದ್ಯುತ್ ಕಂಪನಿ ಸೆಸ್ಕ್‌ನ ಕಂಬಗಳು ಇಲ್ಲಿ ಹೊಲಹೊಲದಲ್ಲೂ ನಿಂತಿವೆ. ಕಂಬದ ಬಾಡಿಗೆ, ಅನುಮತಿಯ ಕಾಗದ ಎರಡೂ ಸುಲಭವಾದರೆ ಖರ್ಚು ಸಾಕಷ್ಟು ಇಳಿಯುತ್ತದೆ.

ಉಪಗ್ರಹದ ಇಂಟರ್ನೆಟ್ಟಿನ ಬಗ್ಗೆಯೂ ಜನ ಕೇಳುತ್ತಾರೆ. ಸ್ಟಾರ್‌ಲಿಂಕ್‌ಗೆ 2025ರ ಜೂನಿನಲ್ಲಿ ಪರವಾನಗಿ ಸಿಕ್ಕಿತು. ನೆಲದಿಂದ 550 ಕಿಲೋಮೀಟರ್ ಆಸುಪಾಸಿನಲ್ಲಿ ಸುತ್ತುವ ಅದರ ಉಪಗ್ರಹಗಳು 36 ಸಾವಿರ ಕಿಲೋಮೀಟರ್ ದೂರದ ಹಳೆಯ ಉಪಗ್ರಹಗಳ ಹಾಗೆ ಮಾತನ್ನು ತಡಮಾಡುವುದಿಲ್ಲ. ಅದು ನಿಜವಾಗಿ ಬೇಕಿರುವುದು ಪೋಡುಗಳಿಗೆ, ಎಳೆ ಎಳೆಯಲಾಗದ ಕಾಡಿನ ಶಾಲೆಗಳಿಗೆ. ಅಲ್ಲಿಗೆ ಸರ್ಕಾರವೇ ಖರ್ಚು ಕೊಟ್ಟು ಮುಟ್ಟಿಸಲಿ. ಬಯಲಿನ ಊರಿಗೆ ಫೈಬರಿಗಿಂತ ಅಗ್ಗದ, ಗಟ್ಟಿಯ ದಾರಿ ಕಾಣುತ್ತಿಲ್ಲ.

ಅಲ್ಲಿಯವರೆಗೆ ಮನೆಗೆ ಸಂಪರ್ಕ ತೆಗೆದುಕೊಳ್ಳುವವರು ಕೆಲವನ್ನು ನೋಡಿಕೊಳ್ಳಬೇಕು. ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ತಾಣದಲ್ಲಿ ನಿಮ್ಮ ಸುತ್ತಲಿನ ಟವರುಗಳು ಎಲ್ಲಿವೆ, ಯಾರವು ಎಂದು ಸಿಗುತ್ತದೆ. ಏರ್‌ಫೈಬರ್ ಅಥವಾ ಸಿಮ್ ರೂಟರ್ ತರುವ ಮುನ್ನ ಅದೇ ಕಂಪನಿಯ ಸಿಮ್ಮನ್ನು ತಾರಸಿಯ ಮೇಲೆ ರಾತ್ರಿ ಎಂಟಕ್ಕೆ ಪರೀಕ್ಷಿಸಿ, ಬೆಳಿಗ್ಗೆಯ ವೇಗಕ್ಕೆ ಬೆಲೆ ಕೊಡಬೇಡಿ. ಅಪ್‌ಲೋಡ್ ವೇಗವನ್ನೂ ನೋಡಿ, ವಿಡಿಯೊ ಕಾಲ್ ಸೋಲುವುದು ಹೆಚ್ಚಾಗಿ ಅಲ್ಲಿಯೇ. ಫೈಬರ್ ಆದರೆ ಹಾಕಿದ ದಿನವೇ ಮೀಟರಿನಲ್ಲಿ ಬೆಳಕಿನ ಮಟ್ಟ ಎಷ್ಟಿದೆ ಎಂದು ಕೇಳಿ ಗೋಡೆಯ ಮೇಲೆ ಬರೆದಿಡಿ. ಮೈನಸ್ 27 ಡಿಬಿಎಂ ಹತ್ತಿರಕ್ಕೆ ಇಳಿದಿದ್ದರೆ ಅದು ಮೊದಲ ಮಳೆಗೇ ಕೈಕೊಡುವ ಸಂಪರ್ಕ, ಇನ್ನೊಮ್ಮೆ ಬೆಸೆಯಿಸಿ. ಮೋಡೆಮ್ ಸಾಮಾನ್ಯವಾಗಿ ನಡೆಯುವುದು 12 ವೋಲ್ಟಿನಲ್ಲಿ. ಅಂಗಡಿಯಲ್ಲಿ ಸಿಗುವ ಪುಟ್ಟ ಯುಪಿಎಸ್ ಒಂದಿದ್ದರೆ ಲೋಡ್‌ಶೆಡ್ಡಿಂಗಿನಲ್ಲೂ ಮಕ್ಕಳ ಪಾಠ ನಿಲ್ಲದು. ಕೆಟ್ಟಾಗ ಹುಡುಗನಿಗೆ ಫೋನ್ ಮಾಡುವುದರ ಜೊತೆಗೆ ಕಂಪನಿಗೂ ದೂರು ಕೊಟ್ಟು ನಂಬರ್ ಪಡೆಯಿರಿ. ದೂರು ದಾಖಲಾಗದ ಕೆಡುಕು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಆಗದಿದ್ದರೆ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರವಿದೆ, ಅದಾದ ಮೇಲೆ ಕೇಂದ್ರದ ಸಾರ್ವಜನಿಕ ದೂರು ತಾಣ.

ಹಾಲಿನ ಸಂಘಗಳ ವಾರ್ಷಿಕ ಮಹಾಸಭೆ ಸೇರುವುದು ಸೆಪ್ಟೆಂಬರ್ ಹೊತ್ತಿಗೆ. ಬೋನಸ್ಸಿನ ಚರ್ಚೆ, ಆಡಳಿತ ಮಂಡಳಿಯ ವರದಿ ಮುಗಿದ ಮೇಲೆ ಈ ವಿಷಯವನ್ನೂ ಒಬ್ಬರು ಎತ್ತಬೇಕು. ನಮ್ಮ ಪಂಚಾಯಿತಿಗೆ ಬಂದ ಫೈಬರ್ ಈಗ ಜೀವಂತವಿದೆಯೇ, ಕಳೆದ ವರ್ಷ ಎಷ್ಟು ದಿನ ಸತ್ತಿತ್ತು, ನಮ್ಮ ಊರಿಗೆ ಉದ್ಯಮಿಯಾಗಿ ಯಾರಾದರೂ ನೋಂದಾಯಿಸಿದ್ದಾರೆಯೇ ಎಂದು ಪಂಚಾಯಿತಿಯಿಂದಲೂ ಬಿಎಸ್‌ಎನ್‌ಎಲ್‌ನಿಂದಲೂ ಲಿಖಿತ ಉತ್ತರ ಕೇಳುವ ನಿರ್ಣಯ ಮಾಡಿಸಬೇಕು. ಯಾರೂ ನೋಂದಾಯಿಸಿಲ್ಲ ಎಂದು ಬಂದರೆ, ಅರ್ಜಿಯನ್ನು ಸಂಘದ ಲೆಟರ್‌ಹೆಡ್‌ನಲ್ಲೇ ಬರೆದು ಕೊಡಬಹುದು.